58 ಕಾರ್ಡುಗಳು: ಒಂದು ಕೇರಿ, ಒಂದು ಕೊಲೆ, ಒಂದು ಡಿಎನ್‌ಎ ಪಟ್ಟಿ

ಈ ಪ್ರಕರಣದಲ್ಲಿ ನಾನು ಕೇರಿಯವರ ಪರ ಕೆಲಸ ಮಾಡಿದ ವಕೀಲೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊರು ಚಿತ್ರದುರ್ಗ ಜಿಲ್ಲೆಯದು, ಹೆಸರು ಬೇಡ. ಜನರ ಹೆಸರೂ ಬೇಡ. ಕೆಲವರ ಕಸುಬು ಬದಲಿಸಿದ್ದೇನೆ, ಲೆಕ್ಕಗಳನ್ನು ಒಂಚೂರು ಆಚೀಚೆ ಮಾಡಿದ್ದೇನೆ. ಬರೆದದ್ದನ್ನು ಸಂಬಂಧಪಟ್ಟವರಿಗೆ ಓದಿ ಹೇಳಿದೆ. ಒಬ್ಬರು ಒಂದು ಪ್ಯಾರಾ ತೆಗೆಯಿರಿ ಅಂದರು, ತೆಗೆದೆ.

ಕೊಲೆ ಹೇಗೆ ಪತ್ತೆಯಾಯಿತು ಅನ್ನುವುದಕ್ಕಿಂತ ಪತ್ತೆ ಮಾಡುವ ದಾರಿಯಲ್ಲಿ ಏನೇನು ಆಯಿತು ಅನ್ನುವುದು ನನಗೆ ಮುಖ್ಯ. ಹಾಗಾಗಿ ಕೊಲೆಯ ಭಾಗ ಬೇಗ ಮುಗಿಸುತ್ತೇನೆ.

ಊರು, ಕೇರಿ, ಘಟನೆ

ಹಿರಿಯೂರು ಮತ್ತು ಚಳ್ಳಕೆರೆ ನಡುವಿನ ಸೀಮೆ ಅಂತಿಟ್ಟುಕೊಳ್ಳಿ. ಶೇಂಗಾ, ಈರುಳ್ಳಿ, ಗುಡ್ಡದ ಮೇಲೆ ಗಾಳಿಯಂತ್ರ. ಬೋರು ಕೊರೆಸಿದರೆ ನೀರು ಬರುತ್ತದೋ ಧೂಳು ಬರುತ್ತದೋ ದೇವರಿಗೇ ಗೊತ್ತು. ಊರಿನ ಮೇಗಲ ಕೇರಿಯಲ್ಲಿ ನಲವತ್ತು ಚಿಲ್ಲರೆ ಮನೆ. ಅದರಲ್ಲಿ ಬಹುಪಾಲು ಒಂದೇ ಬೆಡಗು. ಅಂದರೆ ಎಲ್ಲರೂ ಅಣ್ಣತಮ್ಮಂದಿರು. ಹೆಣ್ಣು ತರುವುದು, ಕೊಡುವುದು ಎರಡೂ ಬೇರೆ ಬೆಡಗಿನವರ ಜೊತೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಇಡೀ ಪ್ರಕರಣ ಇದರ ಮೇಲೆಯೇ ನಿಲ್ಲುತ್ತದೆ.

ದೀಪಾವಳಿ ಮುಗಿದ ಮೂರನೇ ದಿನ ತೋಟದ ಮನೆಯಲ್ಲಿ ಒಬ್ಬರೇ ಇದ್ದ ಒಬ್ಬ ಅಜ್ಜಿ ಕೊಲೆಯಾಗಿ ಸಿಕ್ಕರು. ಕೊರಳಿನ ಗುಂಡಿನ ಸರ ಇರಲಿಲ್ಲ. ಸರದ ಮುರಿದ ಕೊಂಡಿಯೊಂದು ಹೊಸ್ತಿಲ ಹತ್ತಿರ ಬಿದ್ದಿತ್ತು. ಸಿಸಿಟಿವಿ ಇಲ್ಲ, ನೋಡಿದವರಿಲ್ಲ. ಅಜ್ಜಿ ಸುಮ್ಮನೆ ಸತ್ತಿರಲಿಲ್ಲ, ಗುದ್ದಾಡಿದ್ದರು. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಎರಡೂ ಕೈಯ ಉಗುರು ಕತ್ತರಿಸಿ, ಬಲಗೈದು ಬೇರೆ ಎಡಗೈದು ಬೇರೆ, ಕಾಗದದ ಕವರಿನಲ್ಲಿ ಹಾಕಿ ಸೀಲು ಮಾಡಿದರು. ಪ್ಲಾಸ್ಟಿಕ್ಕಿನಲ್ಲಿ ಹಾಕಿದ್ದರೆ ತೇವಕ್ಕೆ ಕೆಟ್ಟುಹೋಗುತ್ತಿತ್ತು. ಆ ಡಾಕ್ಟರ ಕೆಲಸ ಅಚ್ಚುಕಟ್ಟು ಅಂತ ಇವತ್ತಿಗೂ ಹೇಳುತ್ತೇನೆ. ಆಮೇಲೆ ಆ ಕವರುಗಳು ಲ್ಯಾಬಿಗೆ ಹೋಗದೆ 19 ದಿನ ಬೀರುವಿನಲ್ಲಿದ್ದವು, ಅದು ಬೇರೆ ಕಥೆ. ಇಂಥ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದಕ್ಕೆ ರಿಜಿಸ್ಟರ್ ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಹೇಳಿತು. ನಮ್ಮ ಹೊತ್ತಿಗೆ ಆ ಮಾತು ಬಂದಿರಲಿಲ್ಲ.

ಉಗುರಿನಲ್ಲಿ ಗಂಡಸಿನ ಡಿಎನ್‌ಎ ಇದೆ ಅಂತ ಗೊತ್ತಾಯಿತು. ಪೊಲೀಸರು ಒಂದು ತೀರ್ಮಾನಕ್ಕೆ ಬಂದರು. 18ರಿಂದ 50 ವರ್ಷದೊಳಗಿನ 62 ಗಂಡಸರ ರಕ್ತದ ಮಾದರಿ ತೆಗೆಯುವುದು. ಮೇಗಲ ಕೇರಿಯವರು, ಪಕ್ಕದ ಕೇರಿಯ ಕೆಲವರು, ಆ ತೋಟದಲ್ಲಿ ಶೇಂಗಾ ಕೀಳಲು ಬಂದಿದ್ದ ಕೂಲಿಯವರು. ಬಲವಂತ ಇಲ್ಲ, ಸ್ವಂತ ಇಚ್ಛೆಯಿಂದ ಕೊಡಬೇಕು ಅಂತ ಡಂಗೂರದಂತೆ ಹೇಳಿಸಿದರು.

ಆ ರಾತ್ರಿಯ ಪ್ರಶ್ನೆ

ಹಿಂದಿನ ರಾತ್ರಿ ಊರಿನ ಏಳು ಜನ ಒಂದು ಓಮ್ನಿಯಲ್ಲಿ ತುಂಬಿಕೊಂಡು ನನ್ನ ಮನೆಗೆ ಬಂದರು. ಕೊಡಬೇಕಾ, ಬೇಡವಾ? ನಾನು ಊಟದ ತಟ್ಟೆ ಮುಂದೆ ಕೂತಿದ್ದೆ. ಎಲ್ಲರೂ ಹೇಳುವ ಮಾತನ್ನೇ ಹೇಳಿಬಿಟ್ಟೆ: “ತಪ್ಪು ಮಾಡದವರಿಗೆ ಏನು ಭಯ? ಕೊಟ್ಟು ಕೈತೊಳ್ಕೊಳ್ಳಿ.”

ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ವಯಸ್ಸಿನ ಲೆಕ್ಕದಲ್ಲಿ ಅವರು ಆ 62ರಲ್ಲಿ ಇರಲಿಲ್ಲ. ಅವರ ಇಬ್ಬರು ಮಕ್ಕಳಿದ್ದರು. ಎದ್ದು ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದರು: “ಅಲ್ಲ ಮೇಡಂ, ಕಳ್ಳ ಸಿಕ್ಕಿದ್ ಮೇಲೆ ಉಳಿದೋರ ರಕ್ತ ಎಲ್ಲಿರ್ತೈತೆ?”

ನನಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಕ್ರಿಮಿನಲ್ ಕೇಸು ನಡೆಸಿದವಳಿಗೆ ಉತ್ತರ ಬರಲಿಲ್ಲ. ಅವರನ್ನು ವಾಪಸ್ ಕೂರಿಸಿದೆ. ಆ ರಾತ್ರಿ ಎರಡು ಗಂಟೆವರೆಗೆ ಕಾಯ್ದೆ ಪುಸ್ತಕ ಹರಡಿಕೊಂಡು ಕೂತಿದ್ದು ಈ ಪ್ರಕರಣದ ಮೊದಲ ತಿರುವು.

ಕಾನೂನಿನ ಸ್ಥಿತಿ ಹೀಗಿತ್ತು. 1920ರ ಕೈದಿಗಳ ಗುರುತು ಕಾಯ್ದೆಯ ಜಾಗಕ್ಕೆ 2022ರಲ್ಲಿ ಕ್ರಿಮಿನಲ್ ಪ್ರೊಸೀಜರ್ (ಗುರುತು) ಕಾಯ್ದೆ ಬಂದಿದೆ. ಆ ವರ್ಷದ ಆಗಸ್ಟ್ 4ರಿಂದ ಜಾರಿಯಲ್ಲಿದೆ. ಹಳೆಯದರಲ್ಲಿ ಬೆರಳಚ್ಚು, ಹೆಜ್ಜೆಗುರುತು, ಫೋಟೋ ಇಷ್ಟೇ. ಹೊಸದರಲ್ಲಿ ಕಣ್ಣಿನ ಪಾಪೆ, ಸಹಿ, ಕೈಬರಹ, ಜೈವಿಕ ಮಾದರಿ ಮತ್ತು ಅದರ ವಿಶ್ಲೇಷಣೆ ಎಲ್ಲ ಸೇರಿವೆ. ದಾಖಲೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿ 75 ವರ್ಷ ಇರುತ್ತದೆ. ಬಂಧಿತನೊಬ್ಬ ರಕ್ತ ಕೊಡುವುದಿಲ್ಲ ಅನ್ನಬಹುದು. ಆದರೆ ಹೆಂಗಸರು, ಮಕ್ಕಳ ಮೇಲಿನ ಅಪರಾಧವಾದರೆ, ಅಥವಾ 7 ವರ್ಷ ಇಲ್ಲವೇ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ಹಾಗೆ ಅನ್ನುವಂತಿಲ್ಲ. ಬಂಧಿಸದವರಿಂದಲೂ ಕೊಡಿಸಬೇಕು ಅನ್ನಿಸಿದರೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು.

ಹಿಂದೆ ಶಿಕ್ಷೆಯಾಗದವನನ್ನು ವಿಚಾರಣೆಯಿಲ್ಲದೆ ಬಿಟ್ಟರೆ, ಅಥವಾ ಅವನು ಖುಲಾಸೆಯಾದರೆ, ಅಪೀಲು ಎಲ್ಲ ಮುಗಿದ ಮೇಲೆ ಅವನ ದಾಖಲೆ ಅಳಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಕೋರ್ಟು ಕಾರಣ ಬರೆದು ಬೇರೆ ರೀತಿ ಹೇಳದಿದ್ದರೆ ಅಷ್ಟೇ. ಸರಿ. ಆದರೆ ಸಮುದಾಯ ಭವನಕ್ಕೆ ನಡೆದು ಬಂದು ತಾನಾಗಿಯೇ ಕೈ ಚಾಚಿದವನು? ಅವನನ್ನು ಹಿಡಿದೇ ಇಲ್ಲ, ಇನ್ನು ಬಿಡುವುದೆಲ್ಲಿ? ನಾನು ಓದಿದ ಪ್ರಕಾರ ಆ ಸಾಲು ಅವನಿಗೆ ಹೊಂದುವುದೇ ಇಲ್ಲ. ಅನುಮಾನದ ಮೇಲೆ ಹಿಡಿದವನಿಗೆ ಇರುವ ಅನುಕೂಲ ಸಹಕಾರ ಕೊಟ್ಟವನಿಗಿಲ್ಲ.

ಇದಕ್ಕೆಂದೇ ಬೇರೆ ಕಾನೂನು ಬರಬೇಕಿತ್ತು. ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆಯನ್ನು 2019ರ ಜುಲೈನಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. ರಾಷ್ಟ್ರೀಯ ಡಿಎನ್‌ಎ ಬ್ಯಾಂಕು, ಪ್ರಾದೇಶಿಕ ಬ್ಯಾಂಕುಗಳು. ಅಪರಾಧ ನಡೆದ ಸ್ಥಳ, ಶಂಕಿತರು ಮತ್ತು ವಿಚಾರಣಾಧೀನರು, ಅಪರಾಧಿಗಳು, ಕಾಣೆಯಾದವರು, ಗುರುತು ಸಿಗದ ಶವಗಳು ಅಂತ ಐದು ಪಟ್ಟಿ. ಸಂಸದೀಯ ಸ್ಥಾಯಿ ಸಮಿತಿ 2021ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಅಪರಾಧ ನಡೆದ ಜಾಗದಲ್ಲಿ ಮುಂಚೆ, ಆಮೇಲೆ ಓಡಾಡಿದವರ ಡಿಎನ್‌ಎ ಕೂಡ ಸಿಗುತ್ತದಲ್ಲ, ಸಂಬಂಧವೇ ಇಲ್ಲದವರೂ ಬ್ಯಾಂಕು ಸೇರುತ್ತಾರಲ್ಲ ಅನ್ನುವ ಆತಂಕ ಅದರಲ್ಲಿತ್ತು. 2023ರ ಜುಲೈನಲ್ಲಿ ಸರ್ಕಾರ ಮಸೂದೆ ವಾಪಸ್ ಪಡೆಯಿತು. ನಮ್ಮ ಅಜ್ಜಿಯ ಕೊಲೆ ಅದಾದ ಕೆಲವೇ ತಿಂಗಳಿಗೆ. ಮಸೂದೆಯನ್ನು ಬೈದವರಲ್ಲಿ ನಾನೂ ಒಬ್ಬಳು. ಆದರೆ ಹೆಸರು ತೆಗೆಯಿರಿ ಅಂತ ಅರ್ಜಿ ಕೊಡಲು ಅದರಲ್ಲಿ ಒಂದು ದಾರಿಯಾದರೂ ಇತ್ತು. ಬ್ಯಾಂಕು ಬರಲಿಲ್ಲ, ದಾರಿಯೂ ಬರಲಿಲ್ಲ. ರಕ್ತ ತೆಗೆಯುವುದು ಮಾತ್ರ ನಿಲ್ಲಲಿಲ್ಲ.

ಬೆಳಗಿನ ಹೊತ್ತಿಗೆ ಒಂದು ಪುಟದ ಪತ್ರ ತಯಾರಾಯಿತು. ಮಾದರಿಯನ್ನು ಈ ಕ್ರೈಂ ನಂಬರಿಗೆ ಮಾತ್ರ ಬಳಸಬೇಕು. ಯಾವ ಸಂಗ್ರಹಕ್ಕೂ ಸೇರಿಸಬಾರದು. ಹೋಲಿಕೆ ಮುಗಿದ ಮೇಲೆ ರಕ್ತದ ಕಾರ್ಡನ್ನೂ ಅದರಿಂದ ಬಂದ ಅಂಕಿಗಳನ್ನೂ ನಾಶ ಮಾಡಿ ಲಿಖಿತವಾಗಿ ತಿಳಿಸಬೇಕು. ಒಪ್ಪಿಗೆ ಪತ್ರದ ಒಂದು ಪ್ರತಿ ಕೊಟ್ಟವನ ಕೈಯಲ್ಲಿ ಇರಬೇಕು.

ಕಾರ್ಡು, ಅಂಕಿ ಎರಡನ್ನೂ ಬೇರೆ ಬೇರೆ ಹೇಳಿದ್ದಕ್ಕೆ ಕಾರಣವಿದೆ. ಲ್ಯಾಬು ಹೋಲಿಕೆಗೆ ಬಳಸುವುದು ಇಪ್ಪತ್ತು ಚಿಲ್ಲರೆ ಜಾಗಗಳ ಅಂಕಿಗಳನ್ನು. ಅದರಿಂದ ಮಧುಮೇಹ ಬರುತ್ತದಾ ಇಲ್ಲವಾ ಅಂತೆಲ್ಲ ಗೊತ್ತಾಗುವುದಿಲ್ಲ. ಆದರೆ ಕಾರ್ಡಿನ ಮೇಲೆ ಒಣಗಿದ ರಕ್ತದಲ್ಲಿ ಇಡೀ ಮನುಷ್ಯ ಇದ್ದಾನೆ. ಇವತ್ತು ನೋಡದ್ದನ್ನು ನಾಳೆ ಯಾರಾದರೂ ನೋಡಬಹುದು. ಬ್ರಿಟನ್ನಿನಲ್ಲಿ 1995ರಿಂದ ರಾಷ್ಟ್ರೀಯ ಡಿಎನ್‌ಎ ಸಂಗ್ರಹ ಇದೆ. ಶಿಕ್ಷೆಯಾಗದವರ ಮಾದರಿ, ಅಂಕಿಗಳನ್ನು ಹಾಗೇ ಇಟ್ಟುಕೊಳ್ಳುವುದು ತಪ್ಪು ಅಂತ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2008ರಲ್ಲಿ ಹೇಳಿತು. 2012ರ ಕಾನೂನಿನ ಪ್ರಕಾರ ಅಲ್ಲಿ ಈಗ ಮೂಲ ಮಾದರಿಯನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ನಾಶ ಮಾಡಬೇಕು.

ಸಮುದಾಯ ಭವನದ ದಿನ

ಬೆಳಗ್ಗೆ ಹತ್ತಕ್ಕೆ ಶುರುವಾಯಿತು. ಎರಡು ಟೇಬಲ್ಲು, ಒಬ್ಬ ನರ್ಸಮ್ಮ, ಒಬ್ಬ ಟೆಕ್ನೀಷಿಯನ್, ಹೆಸರು ಬರೆಯಲು ಒಬ್ಬ ಕಾನ್‌ಸ್ಟೆಬಲ್. ಬೆರಳಿಗೆ ಚುಚ್ಚಿ ದಪ್ಪ ಕಾಗದದ ಕಾರ್ಡಿನ ಮೇಲೆ ರಕ್ತ ಒತ್ತಿಸುತ್ತಿದ್ದರು. ಎಂಟಾಣೆ ಅಗಲದ ಕೆಂಪು ಚುಕ್ಕೆಗಳು. ಒಣಗಲಿ ಅಂತ ಕಿಟಕಿ ಕಟ್ಟೆ ಮೇಲೆ ಸಾಲಾಗಿ ಇಟ್ಟಿದ್ದರು. ಹೊರಗೆ ಹುಡುಗರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಸರದಿಗೆ ಕಾಯುತ್ತಿದ್ದರು. ಮತದಾನದ ದಿನದ ಹಾಗೇ ಇತ್ತು.

ನಾನು ಪತ್ರ ಕೊಟ್ಟಾಗ ಒಬ್ಬ ಅಧಿಕಾರಿ ನಕ್ಕರು. “ಮೇಡಂ, ಇದೆಲ್ಲ ಮೊಬೈಲಲ್ಲಿ ನೋಡಿ ಕಲ್ತಿದ್ದಾ?” ಅವರ ಮೇಲಿನವರು ಮಾತ್ರ ಪೂರ್ತಿ ಓದಿದರು. “ಒಪ್ಪಿದೆ ಅಂತ ಬರೆಯಲ್ಲ, ತಲುಪಿದೆ ಅಂತ ಸೀಲು ಹಾಕ್ತೀನಿ” ಅಂದರು. ಹಾಕಿದರು. ಆ ಸೀಲು ಅಷ್ಟಕ್ಕೇ ಬಂತು, ಅದಕ್ಕಿಂತ ಜಾಸ್ತಿ ಬರಲಿಲ್ಲ.

ಅವತ್ತು ನಾನು ಗಮನಿಸಬೇಕಿದ್ದು ಇನ್ನೊಂದಿತ್ತು. ಮನೆದೇವರ ಹೆಸರು, ಅಜ್ಜನ ಹೆಸರು ಇಡುವ ಕೇರಿ. ಒಂದೇ ಹೆಸರಿನವರು ಮೂವರು ಸರದಿಯಲ್ಲಿದ್ದರು. ಇಬ್ಬರ ಅಪ್ಪಂದಿರ ಹೆಸರೂ ಒಂದೇ. ಕಾನ್‌ಸ್ಟೆಬಲ್ “ದೊಡ್ಡೋನಾ, ಸಣ್ಣೋನಾ?” ಅಂತ ಕೇಳಿ ಬರೆದುಕೊಳ್ಳುತ್ತಿದ್ದ. ನಾನು ಪಕ್ಕದಲ್ಲೇ ನಿಂತು ಟೀ ಕುಡಿಯುತ್ತಿದ್ದೆ.

62ರಲ್ಲಿ 58 ಜನ ಕೊಟ್ಟರು. ಇಬ್ಬರು ಬೇರೆ ಊರಲ್ಲಿದ್ದರು, ಒಬ್ಬ ಆಸ್ಪತ್ರೆಯಲ್ಲಿದ್ದ. ನಾಲ್ಕನೆಯವನು ಊರಲ್ಲೇ ಇದ್ದ, ಬರಲಿಲ್ಲ. ಬೋರಿನ ಮೋಟಾರ್ ರಿಪೇರಿ ಮಾಡುವ ಹುಡುಗ, ಇಪ್ಪತ್ತಾರು ವರ್ಷ ಇರಬಹುದು. ಸಂಜೆಯ ಹೊತ್ತಿಗೆ ಊರಿಗೆ ಕೊಲೆಗಾರ ಸಿಕ್ಕಿಬಿಟ್ಟಿದ್ದ. ಮರುದಿನದಿಂದ ಯಾರೂ ಅವನನ್ನು ಮೋಟಾರ್ ಎತ್ತಲು ಕರೆಯಲಿಲ್ಲ.

ಹತ್ತು ದಿನ ಬಿಟ್ಟು ಅವನು ಚಿತ್ರದುರ್ಗಕ್ಕೆ ಬಂದ. ನನ್ನ ಆಫೀಸಿನಲ್ಲಿ ಕುರ್ಚಿ ಇದ್ದರೂ ಕೂರಲಿಲ್ಲ. ಗ್ರೀಸು ಹತ್ತಿದ ಉಗುರು ಕೆರೆಯುತ್ತಾ ನಿಂತಿದ್ದ. “ಅಕ್ಕಾ, ನಾನು ಮಾಡಿಲ್ಲ. ಅದಕ್ಕಲ್ಲ ನಾನು ಹೆದರಿರೋದು. ನಮ್ಮಣ್ಣಂದು ಒಂದು ಬಂದು, ನಂದು ಬೇರೆ ಬಂದ್ರೆ?”

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಮನೆಯೊಳಗೆ ಯಾರೋ ಯಾವತ್ತೋ ಆಡಿದ ಒಂದು ಮಾತು ಅವನ ಕಿವಿಗೆ ಬಿದ್ದಿತ್ತು. ನಿಜವೋ ಸುಳ್ಳೋ ಅವನಿಗೂ ಗೊತ್ತಿಲ್ಲ. ಕೊಲೆಗಾರನಲ್ಲ ಅಂತ ಸಾಬೀತಾಗುವುದೇ ಅವನ ಭಯ. ಲ್ಯಾಬಿನ ವರದಿ ಅವನನ್ನು ಜೈಲಿನಿಂದ ತಪ್ಪಿಸಿ ಮನೆಯಿಂದ ಹೊರಗೆ ಹಾಕುತ್ತಿತ್ತು.

ನಾನು ಮೇಲಧಿಕಾರಿಯನ್ನು ಕಂಡು ಮಾತಾಡಿದೆ, ಕಾರಣ ಹೇಳದೆ. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ, ಆಸ್ಪತ್ರೆಯಲ್ಲಿ, ಹೆಸರಿನ ಬದಲು ನಂಬರ್ ಹಾಕಿ ಕೊಡುತ್ತಾನೆ. ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ನೇರ ಕೋರ್ಟಿಗೆ ಹೋಗಬೇಕು. ಅವರು ಒಪ್ಪಿದರು. ಹಾಗೇ ಆಯಿತು. ಫಲಿತಾಂಶ ಏನು ಬಂತು ಅಂತ ಇಲ್ಲಿ ಬರೆಯುವುದಿಲ್ಲ.

ಇಲ್ಲಿ ನನ್ನ ಮಂಕುತನ ನೋಡಿ. ಅವನೊಬ್ಬನಿಗೆ ನಂಬರ್ ಬೇಕು ಅಂತ ಹೊಳೆದವಳಿಗೆ, ಉಳಿದ 58 ಜನರಲ್ಲೂ ಇಂಥವರು ಇರಬಹುದು ಅಂತ ಹೊಳೆಯಲಿಲ್ಲ. ಅವರಿಗೆ ಅನುಮಾನವೂ ಇರಲಿಲ್ಲ, ಹಾಗಾಗಿ ಯಾರೂ ಬಂದು ಕೇಳಲಿಲ್ಲ.

“ಹೊಂದಿದೆ” ಅಂದರೆ ಏನು

ಜನವರಿಯಲ್ಲಿ ಮೊದಲ ವರದಿ ಬಂತು. ಮೊದಲ ಕಂತಿನಲ್ಲಿ ಪೊಲೀಸರು ಹೆಚ್ಚು ಅನುಮಾನ ಇದ್ದ ಆರು ಜನರ ಕಾರ್ಡು ಮಾತ್ರ ಕಳಿಸಿದ್ದರು. ಐವರದು ಹೊಂದಲಿಲ್ಲ, ಒಬ್ಬನದು ಹೊಂದಿತು. ಮೇಗಲ ಕೇರಿಯ ಟ್ರ್ಯಾಕ್ಟರ್ ಡ್ರೈವರ್. ಅವನಿಗೆ ಸಾಲವೂ ಇತ್ತು, ಆ ತಿಂಗಳಲ್ಲೇ ಹೆಂಡತಿಯ ಒಡವೆ ಗಿರವಿ ಇಟ್ಟಿದ್ದ. ಬಂಧನವಾಯಿತು. ಸಂಜೆ ಸುದ್ದಿಯಲ್ಲಿ “ಡಿಎನ್‌ಎಯಿಂದ ಸಾಬೀತು” ಅಂತ ಬಂತು.

ವರದಿಯ ನಕಲು ಕೈಗೆ ಬಂದಾಗ ಎರಡನೇ ಪುಟದಲ್ಲಿ ಒಂದು ಅಕ್ಷರ ಕಣ್ಣಿಗೆ ಬಿತ್ತು. ವೈ. ಪರೀಕ್ಷೆ ಮಾಡಿದ್ದು ವೈ ಕ್ರೋಮೋಸೋಮಿನ ಗುರುತುಗಳನ್ನು. ಹಿಂದೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದೇ “ಆ ಆರು ಜನದಲ್ಲಿ ಇವನ ಬೆಡಗಿನವರು ಎಷ್ಟಿದ್ದರು?” ಅಂತ.

ಯಾರೂ ಇರಲಿಲ್ಲ. ಉಳಿದ ಐವರೂ ಹೊರಗಿನವರು, ಕೂಲಿಗೆ ಬಂದವರು.

ಅವರು ಬಿಡಿಸಿ ಹೇಳಿದರು. ಉಗುರಿನಲ್ಲಿ ಅಜ್ಜಿಯ ಸ್ವಂತ ಜೀವಕೋಶಗಳೇ ತುಂಬಿರುತ್ತವೆ. ಗಂಡಸಿನದು ಚೂರುಪಾರು. ಮಾಮೂಲಿ ಪರೀಕ್ಷೆಯಲ್ಲಿ ಅಜ್ಜಿಯ ಡಿಎನ್‌ಎ ಅದನ್ನು ಮುಳುಗಿಸಿಬಿಡುತ್ತದೆ. ಹಾಗಾಗಿ ಗಂಡಸರಲ್ಲಿ ಮಾತ್ರ ಇರುವ ವೈ ಹಿಡಿಯುತ್ತಾರೆ. ತಪ್ಪೇನಿಲ್ಲ, ಅದೇ ಸರಿಯಾದ ದಾರಿ. ಆದರೆ ಮಾಮೂಲಿ ಪರೀಕ್ಷೆಯ ಅಂಕಿಗಳು ಅರ್ಧ ಅಪ್ಪನಿಂದ, ಅರ್ಧ ಅವ್ವನಿಂದ ಬಂದು ಪ್ರತಿ ಮಗುವಿನಲ್ಲೂ ಹೊಸದಾಗಿ ಕಲೆಯುತ್ತವೆ. ತದ್ರೂಪಿ ಅವಳಿಗಳನ್ನು ಬಿಟ್ಟರೆ ಒಬ್ಬರ ಹಾಗೆ ಇನ್ನೊಬ್ಬರದು ಇರುವುದಿಲ್ಲ. ವೈ ಹಾಗಲ್ಲ. ಅಪ್ಪನಿಂದ ಮಗನಿಗೆ ಹೆಚ್ಚುಕಮ್ಮಿ ಹಾಗೇ ಇಳಿಯುತ್ತದೆ. ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪನ ಗಂಡುಮಕ್ಕಳು, ನಾಲ್ಕು ತಲೆಮಾರು ಹಿಂದಿನ ಮುತ್ತಜ್ಜನ ಗಂಡು ಸಂತತಿ, ಎಲ್ಲರದೂ ಒಂದೇ.

ಅಂದರೆ ಬೆಡಗು ಇಳಿದ ಹಾಗೆ. ನಮ್ಮವರು ಬೆಡಗನ್ನು ಅಪ್ಪನ ಕಡೆಯಿಂದ ಲೆಕ್ಕ ಹಾಕುತ್ತಾರಲ್ಲ, ವೈ ಕೂಡ ಅದೇ ಲೆಕ್ಕ. ಕಾಗದದ ವಿಳಾಸದಲ್ಲಿ ಕೇರಿಯ ಹೆಸರು ಓದಲು ಬಂತು, ಮನೆ ನಂಬರ್ ಅಳಿಸಿಹೋಗಿದೆ ಅಂದಂತೆ. ಪೊಲೀಸರು ಆ ಕಾಗದವನ್ನು ಎದುರಿಗೆ ಸಿಕ್ಕ ಮೊದಲ ಮನೆಗೆ ಕೊಟ್ಟುಬಿಟ್ಟಿದ್ದರು.

ಎಲ್ಲ ಕಾರ್ಡುಗಳನ್ನೂ ಪರೀಕ್ಷೆ ಮಾಡಿಸಿ ಅಂತ ಅರ್ಜಿ ಹಾಕಿದೆವು. ಈ ತೀರ್ಮಾನ ಸುಲಭದ್ದಾಗಿರಲಿಲ್ಲ. ಒಬ್ಬನನ್ನು ಬಿಡಿಸಲು ಇಡೀ ಕೇರಿಯನ್ನು ಲ್ಯಾಬಿಗೆ ಕಳಿಸುವುದು. ಆದರೆ ಡ್ರೈವರ್ ಜೈಲಿನಲ್ಲಿದ್ದ, ಅವನ ಮಗಳು ಶಾಲೆ ಬಿಟ್ಟಿದ್ದಳು. ಕೇರಿಯ ಹಿರಿಯರೇ “ಮಾಡಿಸ್ರಿ” ಅಂದರು.

ಮಾರ್ಚಿಯಲ್ಲಿ ಎರಡನೇ ವರದಿ. 58ರಲ್ಲಿ ಆ ಬೆಡಗಿನವರು 34 ಜನ. 31 ಜನರದು ಉಗುರಿನ ಮಾದರಿಗೆ ಪೂರ್ತಿ ಹೊಂದಿತು. ಇಬ್ಬರದು ಒಂದೊಂದು ಜಾಗದಲ್ಲಿ ವ್ಯತ್ಯಾಸ. ಒಬ್ಬನದು ಹೊಂದಲೇ ಇಲ್ಲ. 31 ಜನರೂ ಸೇರಿ ಅಜ್ಜಿಯನ್ನು ಕೊಂದಿರಲು ಸಾಧ್ಯವಿಲ್ಲ ಅಲ್ವಾ? 51 ದಿನದ ಮೇಲೆ ಡ್ರೈವರಿಗೆ ಜಾಮೀನು ಸಿಕ್ಕಿತು.

ಕೊನೆಗೆ ಪ್ರಕರಣ ಬಿಡಿಸಿದ್ದು ಆ ಮುರಿದ ಕೊಂಡಿ. ಒಬ್ಬ ಹಳೆಯ ಹೆಡ್ ಕಾನ್‌ಸ್ಟೆಬಲ್ ಅದನ್ನು ಕವರಿನಲ್ಲಿ ಇಟ್ಟುಕೊಂಡು ಚಿತ್ರದುರ್ಗ, ಹಿರಿಯೂರು, ದಾವಣಗೆರೆಯ ಗಿರವಿ ಅಂಗಡಿ, ಅಕ್ಕಸಾಲಿಗರ ಅಂಗಡಿ ಸುತ್ತಿದ್ದ. ದಾವಣಗೆರೆಯ ಒಂದು ಕಡೆ ಕೊಂಡಿ ಇಲ್ಲದ ಗುಂಡಿನ ಸರ ಸಿಕ್ಕಿತು. ಇಟ್ಟವನು ಊರು ಬಿಟ್ಟು ಹೋಗಿ ಎಂಟು ವರ್ಷವಾಗಿದ್ದ, ದೀಪಾವಳಿಗೆ ಮಾತ್ರ ಬಂದಿದ್ದ ಒಬ್ಬ ಸಂಬಂಧಿ. ಅದೇ ಬೆಡಗು. ಆದರೆ 62ರ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಅವನ ಮೇಲಿನ ವಿಚಾರಣೆ ನಡೆಯುತ್ತಿದೆ, ಹಾಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಇಂಥ ಸಾಮೂಹಿಕ ಪರೀಕ್ಷೆ ಜಗತ್ತಿನಲ್ಲಿ ಮೊದಲು ನಡೆದದ್ದೂ ಹಳ್ಳಿಗಳಲ್ಲೇ. 1987ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಹತ್ತಿರ ಇಬ್ಬರು ಹುಡುಗಿಯರ ಕೊಲೆಗೆ ಸುಮಾರು 5,000 ಗಂಡಸರ ಮಾದರಿ ತೆಗೆದರು. ಯಾರೂ ಸಿಗಲಿಲ್ಲ. ಕೊಲೆಗಾರ ತನ್ನ ಬದಲು ಸಹೋದ್ಯೋಗಿಯೊಬ್ಬನನ್ನು ಕಳಿಸಿದ್ದ. ಆ ಸಹೋದ್ಯೋಗಿ ಹೆಂಡದಂಗಡಿಯಲ್ಲಿ ಬಾಯಿಬಿಟ್ಟಿದ್ದರಿಂದ ಸಿಕ್ಕಿಬಿದ್ದ. ಆದರೆ ಅದೇ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಿದ್ದ ಒಬ್ಬ ಹುಡುಗ ನಿರಪರಾಧಿ ಅಂತ ತೋರಿಸಿದ್ದೂ ಡಿಎನ್‌ಎಯೇ. ಹಾಗಾಗಿ ನಾನು ಈ ಪರೀಕ್ಷೆಯ ವಿರೋಧಿಯಲ್ಲ. ನಮ್ಮ ಡ್ರೈವರನ್ನು ಹೊರಗೆ ತಂದದ್ದೂ ಅದೇ ವೈ.

ಪಟ್ಟಿ

ಚಾರ್ಜ್‌ಶೀಟ್ ಹಾಕಿದರೆ ಅದರ ಜೊತೆಗಿನ ಎಲ್ಲ ಕಾಗದಗಳ ನಕಲನ್ನು ಆರೋಪಿಗೆ ಕೊಡಬೇಕು. ಅದು ಅವನ ಹಕ್ಕು, ನ್ಯಾಯವಾದ ಹಕ್ಕು. ಆ ಕಾಗದಗಳಲ್ಲಿ ಲ್ಯಾಬಿನ ವರದಿಯೂ ಇತ್ತು. ವರದಿಯ ಕೊನೆಗೆ ಪಟ್ಟಿ: ಕ್ರಮಸಂಖ್ಯೆ, ಹೆಸರು, ಅಪ್ಪನ ಹೆಸರು, ಅಂಕಿಗಳು, ಕೊನೆಯ ಕಾಲಂನಲ್ಲಿ ಹೊಂದುತ್ತದೆ ಅಥವಾ ಹೊಂದುವುದಿಲ್ಲ.

ನನ್ನ ಪತ್ರದಲ್ಲಿ ಬಳಕೆಯ ಬಗ್ಗೆ ಇತ್ತು, ನಾಶದ ಬಗ್ಗೆ ಇತ್ತು. ವರದಿಯಲ್ಲಿ ಹೆಸರು ಬರಬಾರದು ಅಂತ ಇರಲಿಲ್ಲ. ಡೇಟಾಬೇಸು, ದೆಹಲಿ, 75 ವರ್ಷ ಅಂತ ದೂರದ್ದನ್ನೇ ನೋಡುತ್ತಾ ಕೂತಿದ್ದೆ. ಕಾಲ ಬುಡದಲ್ಲಿ ಬೀಳುವ ಕಾಗದ ಕಾಣಲಿಲ್ಲ.

ಪಟ್ಟಿ ಆರೋಪಿಯ ಮನೆಯವರಿಗೆ ಹೋಯಿತು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಎರಡು ದಿನಕ್ಕೆ ಕೇರಿಯ ವಾಟ್ಸ್ಯಾಪ್ ಗುಂಪಿನಲ್ಲಿತ್ತು. ಬೆಡಗಿನ 34 ಜನರಲ್ಲಿ ಮೂವರ ಮುಂದೆ “ಹೊಂದುವುದಿಲ್ಲ”. ಕೇರಿಯವರೊಬ್ಬರ ಅಳಿಯ ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಅವನು ಹಬ್ಬಕ್ಕೆ ಬಂದಾಗ ಜನ ಅವನ ಕೈಗೆ ಮೊಬೈಲ್ ಕೊಟ್ಟರು. ಇಬ್ಬರದು ಒಂದೇ ಅಂಕಿ ವ್ಯತ್ಯಾಸ, ಒಬ್ಬನದು ಬಹಳ ಕಡೆ ವ್ಯತ್ಯಾಸ ಅಂತ ಓದಿ ಹೇಳಿದ. ಅವನಿಗೆ ಕೇಡು ಮಾಡುವ ಮನಸ್ಸಿರಲಿಲ್ಲ. ಕೇಳಿದರು, ಹೇಳಿದ.

ನಾನೇ ಹೋಗಿ ಜಗಲಿ ಮೇಲೆ ಕೂತು ವಿವರಿಸಿದೆ. ಒಂದು ಅಂಕಿ ಅಪ್ಪನಿಂದ ಮಗನಿಗೆ ಇಳಿಯುವಾಗ ತಾನಾಗಿಯೇ ಬದಲಾಗಬಹುದು, ಅದು ಸಹಜ, ಅದರಿಂದ ಯಾರ ಹುಟ್ಟೂ ಬದಲಾಗುವುದಿಲ್ಲ. ಇಬ್ಬರ ಮಟ್ಟಿಗೆ ಜನ ನಂಬಿದರು, ನಕ್ಕು ಬಿಟ್ಟರು. ಮೂರನೆಯವನ ವಿಷಯಕ್ಕೆ ಯಾರೂ ಏನೂ ಕೇಳಲಿಲ್ಲ. ಹಾಗೆ ಕೇಳದೇ ಇದ್ದದ್ದೇ ಭಾರವಾಗಿತ್ತು.

ಅವನಿಗೆ ನಲವತ್ತು ದಾಟಿದೆ. ಇಬ್ಬರು ಮಕ್ಕಳು. ಅಪ್ಪ ತೀರಿಕೊಂಡು ಬಹಳ ದಿನವಾಗಿದೆ. ಅಣ್ಣನ ಜೊತೆ ಆರು ಎಕರೆಗೆ ಪಾಲಿನ ದಾವೆ ಮುಂಚಿನಿಂದಲೂ ನಡೆಯುತ್ತಿತ್ತು. ಮುಂದಿನ ತಾರೀಕಿಗೆ ಅಣ್ಣನ ಕಡೆಯಿಂದ ವಾಟ್ಸ್ಯಾಪಿನ ಆ ಫೋಟೋ ಪ್ರಿಂಟು ಹಾಕಿಸಿಕೊಂಡು ಬಂದರು. ಇವನು ನಮ್ಮಪ್ಪನ ಮಗನೇ ಅಲ್ಲ, ಡಿಎನ್‌ಎ ಪರೀಕ್ಷೆ ಮಾಡಿಸಿ ಅಂತ ಅರ್ಜಿ. ಕೊಲೆಗಾರನನ್ನು ಹಿಡಿಯಲಿ ಅಂತ ಕೊಟ್ಟ ರಕ್ತ ಏಳು ತಿಂಗಳಲ್ಲಿ ಹೊಲದ ಬದುವಿಗೆ ಬಂದು ನಿಂತಿತ್ತು.

ಅವನು ನನಗೆ ಹೇಳಿದ್ದು ಒಂದೇ: “ಮೇಡಂ, ನಾನು ಅವತ್ತು ಎರಡನೇ ನಂಬರಿಗೇ ಹೋಗಿ ಕೊಟ್ಟೆ. ಯಾರೂ ತಳ್ಳಲಿಲ್ಲ.”

ಕಾನೂನಿನಲ್ಲಿ ಈ ಅರ್ಜಿ ನಿಲ್ಲುವುದು ಕಷ್ಟ. ಮದುವೆ ಚಾಲ್ತಿಯಲ್ಲಿದ್ದಾಗ ಹುಟ್ಟಿದ ಮಗು ಆ ಗಂಡನದೇ ಅಂತ ಸಾಕ್ಷ್ಯ ಕಾಯ್ದೆಯ 112ನೇ ಕಲಮು ಹೇಳುತ್ತಿತ್ತು. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 116. ಆ ಕಾಲದಲ್ಲಿ ಗಂಡ ಹೆಂಡತಿ ಸೇರುವ ಅವಕಾಶವೇ ಇರಲಿಲ್ಲ ಅಂತ ತೋರಿಸಿದರೆ ಮಾತ್ರ ಅದು ಬೀಳುತ್ತದೆ. ಹುಟ್ಟಿನ ವಿಷಯದಲ್ಲಿ ಡಿಎನ್‌ಎ ಪರೀಕ್ಷೆಗೆ ಸುಮ್ನೆ ಆದೇಶ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1993ರಿಂದಲೂ ಹೇಳುತ್ತಿದೆ, 2023ರಲ್ಲಿ ಮತ್ತೆ ಹೇಳಿತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಪ್ರಕರಣ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದು. ಅದನ್ನೂ ಮುಂದಿಟ್ಟೆ. ಸಿವಿಲ್ ಕೋರ್ಟು ಪ್ರಿಂಟನ್ನು ದಾಖಲೆಗೆ ತೆಗೆದುಕೊಳ್ಳಲಿಲ್ಲ, ಪರೀಕ್ಷೆಯ ಅರ್ಜಿಯನ್ನೂ ವಜಾ ಮಾಡಿತು. ಅತ್ತ ಸೆಷನ್ಸ್ ಕೋರ್ಟು ಆ ಪಟ್ಟಿಯನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಹೆಸರಿನ ಬದಲು ನಂಬರ್ ಹಾಕಿಸಿತು. ಅಷ್ಟರಲ್ಲಿ ಕೇರಿಯ ಪ್ರತಿ ಮೊಬೈಲಿನಲ್ಲೂ ಅದು ಇತ್ತು.

ಹೈಕೋರ್ಟಿಗೆ ಹೋಗೋಣ ಅಂದೆ. ಬೇಡ ಅಂದ. “ಅಲ್ಲಿ ಆದೇಶ ಆದ್ರೆ ಪೇಪರಲ್ಲಿ ಬರ್ತೈತೆ.” ಅವನ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಇನ್ನೂ ಒಂದು ಮಾತಿದೆ. ಆ ವರದಿ ಸರಿಯಾ? ನನಗೆ ಗೊತ್ತಿಲ್ಲ. ದೊಡ್ಡೋನಾ ಸಣ್ಣೋನಾ ಅಂತ ಕೇಳಿ ಬರೆದುಕೊಂಡ ಮೂವರಲ್ಲಿ ಅವನೂ ಒಬ್ಬ. ಕಿಟಕಿ ಕಟ್ಟೆಯ ಮೇಲೆ ಎರಡು ಕಾರ್ಡು ಅದಲುಬದಲಾಗಿದ್ದರೂ ಇದೇ ಫಲಿತಾಂಶ ಬರುತ್ತಿತ್ತು, ಹೆಸರು ಹಂಚಿಕೊಂಡವರಲ್ಲಿ ಒಬ್ಬ ಬೇರೆ ಬೆಡಗಿನವನಿದ್ದ. ಅನುಮಾನ ತೀರಬೇಕಾದರೆ ಮತ್ತೆ ರಕ್ತ ಕೊಡಬೇಕು. ಅವನು ಕೊಡುವುದಿಲ್ಲ, ಕೊಡು ಅಂತ ನಾನೂ ಹೇಳುವುದಿಲ್ಲ.

ಅವನ ತಾಯಿ ಬದುಕಿದ್ದಾರೆ. ನಾನು ಹೋದ ದಿನ ಜಗಲಿಯಲ್ಲಿ ಕೂತು ಬಿತ್ತನೆಗೆ ಶೇಂಗಾ ಬಿಡಿಸುತ್ತಿದ್ದರು. ಒಂದೊಂದೇ ಕಾಯಿಯನ್ನು ಹೆಬ್ಬೆರಳಿನಲ್ಲಿ ಒತ್ತಿ, ಸಿಪ್ಪೆ ಒಂದು ಕಡೆ, ಬೀಜ ಮೊರಕ್ಕೆ. ಮುರಿದ ಬೀಜ ಬೇರೆ ಬಟ್ಟಲಿಗೆ. ನಾನು ಮಾತು ಶುರು ಮಾಡಲಿಲ್ಲ. ಅವರೇ ತಲೆಯೆತ್ತದೆ ಕೇಳಿದರು: “ಸತ್ತ ಮುದುಕಿ ಉಗುರಾಗೆ ಏನೋ ಸಿಕ್ತು ಅಂತ ನನ್ನ ಬಾಗಿಲು ಯಾಕೆ ಬಡಿದ್ರು ತಾಯಿ?” ಆಕೆಯ ರಕ್ತವನ್ನು ಯಾರೂ ತೆಗೆದಿರಲಿಲ್ಲ. ಒಪ್ಪಿಗೆಯನ್ನೂ ಯಾರೂ ಕೇಳಿರಲಿಲ್ಲ.

ಈಗ ನಾನು ಬೇರೆ ಮಾಡುವುದು

ಆಮೇಲೆ ಇಂಥದೇ ಎರಡು ಪ್ರಕರಣ ನನ್ನ ಹತ್ತಿರ ಬಂದವು, ಒಂದು ದಾವಣಗೆರೆ ಕಡೆಯದು. ಈಗ ನಾನು ಕೇಳುವ ಮೊದಲ ಪ್ರಶ್ನೆ ಕೊಡಬೇಕಾ ಬೇಡವಾ ಅನ್ನುವುದಲ್ಲ. ಯಾವ ಪರೀಕ್ಷೆ? ವೈ ಆದರೆ ಅಣ್ಣತಮ್ಮಂದಿರಲ್ಲಿ ಎಲ್ಲರದೂ ಬೇಡ, ಮನೆತನಕ್ಕೆ ಒಬ್ಬರದು ಸಾಕು. ಅದು ಹೊಂದದಿದ್ದರೆ ಆ ಮನೆತನವೇ ಬಹುಮಟ್ಟಿಗೆ ಹೊರಗಾಯಿತು. ನಮ್ಮ ಕೇರಿಯಲ್ಲಿ 34 ಜನರ ಬೆರಳು ಚುಚ್ಚುವ ಅಗತ್ಯವೇ ಇರಲಿಲ್ಲ. ಇದನ್ನು ಹೇಳಿದರೆ ತನಿಖೆ ಮಾಡುವವರೂ ಬೇಗ ಒಪ್ಪುತ್ತಾರೆ, ಅವರಿಗೂ ಲ್ಯಾಬಿನ ಕಾಯುವಿಕೆ ಕಡಿಮೆಯಾಗುತ್ತದೆ.

ಎರಡನೆಯದು, ಕಾರ್ಡಿನ ಮೇಲೆ ನಂಬರ್ ಮಾತ್ರ. ಯಾವ ನಂಬರ್ ಯಾರದು ಅನ್ನುವ ಪಟ್ಟಿ ಒಂದೇ ಪ್ರತಿ, ಅದು ಕೋರ್ಟಿನಲ್ಲಿ. ಒಬ್ಬನಿಗಲ್ಲ, ಎಲ್ಲರಿಗೂ. ಮೂರನೆಯದಾಗಿ, ಸರದಿಯಲ್ಲಿ ನಿಂತು ನಾನು ಟೀ ಕುಡಿಯುವುದಿಲ್ಲ, ಹೆಸರು ಬರೆಯುವ ಟೇಬಲ್ ಪಕ್ಕ ಕೂರುತ್ತೇನೆ. ಕೊಡುವವರಿಗೆ ಮನೆಯವರೊಂದಿಗೆ ಒಂದು ರಾತ್ರಿ ಮಾತಾಡಿಕೊಂಡು ಬನ್ನಿ ಅನ್ನುತ್ತೇನೆ. ಕಾರಣ ಕೇಳಿದರೆ, ಇದು ನಿಮ್ಮೊಬ್ಬರ ರಕ್ತ ಅಲ್ಲ ಅನ್ನುತ್ತೇನೆ. ಬಿಡಿಸಿ ಹೇಳಲು ಹೋಗುವುದಿಲ್ಲ. ಅರ್ಥವಾಗಬೇಕಾದವರಿಗೆ ಆಗುತ್ತದೆ.

ಮೇಗಲ ಕೇರಿಯ 58 ಕಾರ್ಡು ಏನಾದವು? ಟ್ರ್ಯಾಕ್ಟರ್ ಡ್ರೈವರ್ ಹೆಸರು ಚಾರ್ಜ್‌ಶೀಟಿನಿಂದ ಕೈಬಿಟ್ಟಿದ್ದರಿಂದ ಅವನು ಕಾಯ್ದೆಯ ಪ್ರಕಾರ ಅಳಿಸಿ ಅಂತ ಕೇಳಬಹುದು, ಕೇಳಿದ್ದಾನೆ. ಉಳಿದ 57 ಜನರ ಪರವಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ತನಿಖೆ, ವಿಚಾರಣೆಗೆ ಅಡ್ಡಿಯಾಗುತ್ತದೆ ಅಂತ 8(1)(ಎಚ್) ಕಲಮು ತೋರಿಸಿ ನಿರಾಕರಿಸಿದರು.

ಮೋಟಾರ್ ರಿಪೇರಿ ಹುಡುಗನನ್ನು ಊರು ಮತ್ತೆ ಕೆಲಸಕ್ಕೆ ಕರೆಯುತ್ತಿದೆ. ಮೇಷ್ಟ್ರು ಮಾತ್ರ ತಮ್ಮ ಪ್ರಶ್ನೆ ಬಿಟ್ಟಿಲ್ಲ. ಆರು ತಿಂಗಳಿಗೊಮ್ಮೆ ಒಂದು ಪತ್ರ, ಎರಡೇ ಸಾಲು, ಉಳಿದವರ ಮಾದರಿ ಎಲ್ಲಿದೆ ತಿಳಿಸಿ ಅಂತ. ಪೋಸ್ಟಿನ ರಶೀದಿಗಳನ್ನು ಕರೆಂಟ್ ಬಿಲ್ಲಿನ ಜೊತೆ ಗೋಡೆಯ ತಂತಿಗೆ ಚುಚ್ಚಿಟ್ಟಿದ್ದಾರೆ. ಈ ಜನವರಿಯಲ್ಲಿ ನಾಲ್ಕನೆಯದು ಹಾಕಿದರು.